ಕಟಕಟೆಯ ಆ ಕಡೆಗೆ ಹೋದ ವಕೀಲರು

ಎಸ್. ನಿಜಲಿಂಗಪ್ಪ ಅಂದ್ರೆ ನಮ್ಮ ವಯಸ್ಸಿನವರಿಗೆ ಬಹುಪಾಲು ಒಂದು ಬೋರ್ಡು, ಅಷ್ಟೇ. ಬಾಗಲಕೋಟೆಯಲ್ಲಿ ಅವರ ಹೆಸರಿನ ಮೆಡಿಕಲ್ ಕಾಲೇಜಿದೆ, ಬೆಳಗಾವಿಯಲ್ಲಿ ಸಕ್ಕರೆ ಸಂಸ್ಥೆ ಇದೆ, ಬೆಂಗಳೂರಿನ ರಾಜಾಜಿನಗರದಲ್ಲಿ ಡಿಗ್ರಿ ಕಾಲೇಜಿದೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲು ಇರುತ್ತೆ: ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ. ಕ್ವಿಜ್‌ನಲ್ಲಿ ಉತ್ತರ ಹೇಳಿ ಪಾಯಿಂಟ್ ತಗೊಂಡು ಮರೆತುಬಿಡ್ತೀವಿ.

ಈ ಸಂಚಿಕೆಗೆ ನಮ್ಮ ಸಂಘದಿಂದ ಅವರ ಬಗ್ಗೆ ಬರೆಯೋಣ ಅಂತ ಹೊರಟಿದ್ದಕ್ಕೆ ಮುಖ್ಯಮಂತ್ರಿ ಪದವಿ ಕಾರಣ ಅಲ್ಲ. 1939ರಲ್ಲಿ, ಮೂವತ್ತೇಳು ತುಂಬುವ ಮೊದಲೇ, ಚೆನ್ನಾಗಿ ನಡೆಯುತ್ತಿದ್ದ ವಕೀಲಿಕೆಯನ್ನು ಪಕ್ಕಕ್ಕಿಟ್ಟು ಈ ಮನುಷ್ಯ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬೇಕು ಅಂತಲೇ ಕಾನೂನು ಮುರಿದರು. ಮುರಿದು ಓಡಿಹೋಗಲಿಲ್ಲ, ಅಲ್ಲೇ ನಿಂತರು. ಕಾನೂನು ಗೊತ್ತಿಲ್ಲದವರು ಅದನ್ನು ಮುರಿಯೋದು ಬೇರೆ ಮಾತು. ಗೊತ್ತಿದ್ದವರು, ಅದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರು, ಹಗಲು ಹೊತ್ತಿನಲ್ಲಿ ಎಲ್ಲರ ಮುಂದೆ ಮುರಿಯೋದು ಯಾಕೆ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಚಳ್ಳಕೆರೆಗೆ ಸಂಬಂಧಪಟ್ಟಿದ್ದು. ಮುಂದೆ ಬರುತ್ತೆ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹಲುವಾಗಲಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಐದು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ತಂದೆಯದು ಸಣ್ಣ ವ್ಯಾಪಾರ, ತಾಯಿ ದೈವಭಕ್ತೆ. ಹಿಂದಿನ ತಲೆಮಾರಿನವರು ಶ್ರೀಮಂತರೇ ಆಗಿದ್ದರಂತೆ, ಆದರೆ ಜೂಜು, ಕುಡಿತ, ಹೆಣ್ಣಿನ ಚಟಕ್ಕೆ ಬಿದ್ದು ಎಲ್ಲವನ್ನೂ ಕಳೆದಿದ್ದರು. ಇದನ್ನು ನಿಜಲಿಂಗಪ್ಪನವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ತಾಯಿಯ ತಂದೆ ಸ್ವಲ್ಪ ಕೈ ಹಿಡಿದರು, ಆದರೂ ಬಡತನ ಹೋಗಲಿಲ್ಲ. ಮನೆ ಮುಳುಗಿಸಿದ ಚಟಗಳ ಪಟ್ಟಿಯಲ್ಲಿ ಕುಡಿತ ಇತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಿ. ತುರುವನೂರಿಗೆ ಹೋದಾಗ ಬೇಕಾಗುತ್ತೆ.

ಓದು ಶುರುವಾಗಿದ್ದು ದಾವಣಗೆರೆಯಲ್ಲಿ, ವೀರಪ್ಪ ಮಾಸ್ತರ ಹತ್ತಿರ, ಹಳೆಯ ಪದ್ಧತಿಯ ಪಾಠ. ಬಸವಣ್ಣನವರ ವಿಚಾರ ಕಿವಿಗೆ ಬಿದ್ದದ್ದು ಆ ದಿನಗಳಲ್ಲೇ. ಆಮೇಲೆ ಚಿತ್ರದುರ್ಗದಲ್ಲಿ ಹೈಸ್ಕೂಲು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಪದವಿ, ಪುಣೆಯಲ್ಲಿ 1926ರಲ್ಲಿ ಕಾನೂನು ಪದವಿ. ಈ ಊರುಗಳನ್ನು ಮ್ಯಾಪಿನಲ್ಲಿ ಗುರುತು ಹಾಕಿ ನೋಡಿದರೆ ಒಂದು ತಮಾಷೆ ಕಾಣುತ್ತೆ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಬೆಳೆದದ್ದು ಮೈಸೂರು ಮಹಾರಾಜರ ಸಂಸ್ಥಾನದಲ್ಲಿ, ಲಾ ಓದಿದ್ದು ಬೊಂಬಾಯಿ ಪ್ರಾಂತ್ಯದಲ್ಲಿ. ಹಲುವಾಗಲಿನಿಂದ ದಾವಣಗೆರೆ ಏನೂ ದೂರ ಅಲ್ಲ. ಆದರೆ ಆ ಸ್ವಲ್ಪ ದಾರಿಯಲ್ಲಿ ಒಂದು ಸರ್ಕಾರ ಮುಗಿದು ಇನ್ನೊಂದು ಸರ್ಕಾರ ಶುರುವಾಗುತ್ತಿತ್ತು. ಎರಡೂ ಕಡೆ ಮಾತು ಕನ್ನಡವೇ. ಏಕೀಕರಣ ಅವರಿಗೆ ಪುಸ್ತಕದಿಂದ ಬಂದ ವಿಷಯ ಆಗಿರಲಿಕ್ಕಿಲ್ಲ, ಸ್ಕೂಲಿಗೆ ಹೋಗುವ ದಾರಿಯಲ್ಲೇ ಸಿಕ್ಕಿರಬೇಕು ಅಂತ ನಮಗೆ ಅನ್ನಿಸುತ್ತೆ.

ಚಿತ್ರದುರ್ಗಕ್ಕೆ ಬಂದು ವಕೀಲಿಕೆ ಶುರು ಮಾಡಿದರು. ಮೊದಲ ಹತ್ತು ವರ್ಷ ಕಾಂಗ್ರೆಸ್ ಅಧಿವೇಶನಗಳಿಗೆ ಹೋಗಿ ಬರುತ್ತಿದ್ದರು, ಅದೂ ಪ್ರೇಕ್ಷಕರಾಗಿ. ಮ್ಯಾಚ್ ನೋಡೋಕೆ ಹೋದ ಹಾಗೆ. 1936ರಲ್ಲಿ ಡಾ. ನಾ. ಸು. ಹರ್ಡೀಕರರ ಪರಿಚಯ ಆಯಿತು. ಸೇವಾದಳ ಕಟ್ಟಿದ ಹರ್ಡೀಕರರು ಶಿಸ್ತಿಗೆ ಹೆಸರಾದವರು, ಭಾಷಣಕ್ಕಿಂತ ಕವಾಯತನ್ನು ಹೆಚ್ಚು ನಂಬಿದವರು. ಗ್ಯಾಲರಿಯಲ್ಲಿ ಕೂತಿದ್ದ ವಕೀಲರು ಅವರ ಸಂಪರ್ಕದಿಂದ ಸ್ವಯಂಸೇವಕರಾಗಿ ಕೆಳಗಿಳಿದರು.

ಇಲ್ಲಿ ಮೈಸೂರು ಸಂಸ್ಥಾನದ ಕಥೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥ ಆಗಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಎದುರಾಳಿ ಯಾರು ಅನ್ನೋದು ಸ್ಪಷ್ಟ. ಮೈಸೂರಿನಲ್ಲಿ ಹಾಗಿರಲಿಲ್ಲ. ಸಿಂಹಾಸನದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್, ಜನ ದೇವರ ಹಾಗೆ ಕಾಣುತ್ತಿದ್ದ ರಾಜರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್, ಕೆಲಸಗಾರ ದಿವಾನರು ಅಂತ ಹೆಸರು. ಕರೆಂಟು, ಅಣೆಕಟ್ಟು, ಕಾರ್ಖಾನೆ, ನಮ್ಮಂಥವರಿಗೆ ಇಷ್ಟ ಆಗುವುದೆಲ್ಲ ಇತ್ತು. ಇಲ್ಲದ್ದು ಒಂದೇ, ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕದಲ್ಲಿ ಸರ್ಕಾರದ್ದೊಂದು ಸಂಖ್ಯೆ, ಜನರದ್ದೊಂದು ಸಂಖ್ಯೆ. ಸರ್ದಾರ್ ಪಟೇಲರು ಬಂದು ದಿವಾನರ ಜೊತೆ ಒಪ್ಪಂದ ಮಾಡಿದರು, ಬಾವುಟಕ್ಕೆ ಅನುಮತಿ ಸಿಕ್ಕಿತು. ಜವಾಬ್ದಾರಿ ಸರ್ಕಾರ ಮಾತ್ರ ಸಿಗಲಿಲ್ಲ. 1939ರಲ್ಲಿ ಮತ್ತೆ ಸತ್ಯಾಗ್ರಹ ಶುರುವಾಯಿತು. ಈ ಸಲ ಮುರಿಯೋಕೆ ಆರಿಸಿದ್ದು ಅರಣ್ಯ ಕಾನೂನು. ಚಿತ್ರದುರ್ಗ ಜಿಲ್ಲೆಯಲ್ಲಿ ಅದಕ್ಕೆ ಆರಿಸಿದ ಊರು ತುರುವನೂರು.

ಬಂಗಾಳದಲ್ಲೋ ಪಂಜಾಬಿನಲ್ಲೋ ಅರಣ್ಯ ಸತ್ಯಾಗ್ರಹ ಅಂದ್ರೆ ದಟ್ಟ ಕಾಡು ಕಲ್ಪಿಸಿಕೊಳ್ಳಬಹುದು. ತುರುವನೂರು ಕಡೆ ಹೋದವರಿಗೆ ಗೊತ್ತು, ಅದು ಬಯಲುಸೀಮೆ. ಕಪ್ಪು ನೆಲ, ಜಾಲಿ, ಹಳ್ಳದ ಸಾಲಿನಲ್ಲಿ ಈಚಲು. ಈಚಲು ಯಾರೂ ನೆಟ್ಟು ಬೆಳೆಸಬೇಕಾದ ಮರ ಅಲ್ಲ, ತಾನಾಗಿಯೇ ಬೆಳೆಯುತ್ತೆ. ನೆತ್ತಿಯ ಹತ್ತಿರ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯಿಡೀ ರಸ ತೊಟ್ಟಿಕ್ಕುತ್ತೆ. ಬೆಳಗಿನ ಜಾವ ಅದು ಸಿಹಿ ನೀರಾ. ಬಿಸಿಲೇರಿದ ಹಾಗೆ ಹುಳಿ ಬಂದು ಹೆಂಡ. ಹೆಂಡ ಇಳಿಸುವ ಹಕ್ಕು ಸರ್ಕಾರದ್ದು. ಅದನ್ನು ಗುತ್ತಿಗೆ ಕೊಟ್ಟರೆ ಬೊಕ್ಕಸಕ್ಕೆ ಅಬಕಾರಿ ದುಡ್ಡು. ಮರ ಇರೋದು ಹಳ್ಳಿಯಲ್ಲಿ, ಕುಡಿಯೋದು ಹಳ್ಳಿಯವರು, ಹಾಳಾಗೋದು ಅವರ ಮನೆ, ದುಡ್ಡು ಮಾತ್ರ ಸರ್ಕಾರಕ್ಕೆ. ಆ ಮರಕ್ಕೆ ಕೊಡಲಿ ಹಾಕಿದರೆ ಅರಣ್ಯ ಕಾನೂನೂ ಮುರಿದ ಹಾಗಾಯಿತು, ಸರ್ಕಾರದ ವರಮಾನಕ್ಕೂ ಪೆಟ್ಟು ಬಿತ್ತು, ಗಾಂಧಿಯವರ ಪಾನನಿಷೇಧವೂ ನಡೆಯಿತು. ಒಂದೇ ಏಟಿಗೆ ಮೂರು. ಪ್ಲಾನಿಂಗ್ ಮಟ್ಟಿಗೆ ಹೇಳೋದಾದರೆ ಬಹಳ ಚೊಕ್ಕ ಕೆಲಸ.

ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿ ನೋಡಿ. ಸಮುದ್ರದ ದಡದಲ್ಲಿ ಉಪ್ಪು ಎಲ್ಲರ ಕೈಗೂ ಸಿಗುತ್ತೆ, ಎಲ್ಲರಿಗೂ ಬೇಕು. ಅಂಕೋಲೆಯವರಿಗೆ ಸಮುದ್ರ ಇತ್ತು, ಅವರು ಉಪ್ಪು ಮಾಡಿದರು. ಚಿತ್ರದುರ್ಗಕ್ಕೆ ಸಮುದ್ರ ಎಲ್ಲಿಂದ ತರೋದು? ಇದ್ದದ್ದು ಈಚಲು. ಯಾವ ಕಾನೂನು ಮುರಿಯಬೇಕು ಅಂತ ಆರಿಸೋದರಲ್ಲೇ ಅರ್ಧ ಹೋರಾಟ ಇದೆ. ಸಿಕ್ಕಿದ್ದನ್ನೆಲ್ಲ ಮುರಿದರೆ ಅದು ಪುಂಡಾಟ.

ಹಾಗಂತ ಇದರಲ್ಲಿ ಎಲ್ಲವೂ ಸರಿ ಅಂತ ನಮಗೆ ಅನ್ನಿಸಲಿಲ್ಲ. ಮರ ಕಡಿಯೋದನ್ನೇ ಹೋರಾಟ ಮಾಡಿಕೊಂಡಿದ್ದು ಇವತ್ತಿನ ಕಣ್ಣಿಗೆ ವಿಚಿತ್ರ. ಪರಿಸರ ದಿನಕ್ಕೆ ಗುಂಡಿ ತೋಡಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ನಮಗೆ ಅದನ್ನು ಜೀರ್ಣಿಸಿಕೊಳ್ಳೋದು ಕಷ್ಟ. ಅದಕ್ಕಿಂತ ದೊಡ್ಡ ವಿಷಯ, ಆ ಮರ ಹತ್ತಿ ಹೆಂಡ ಇಳಿಸುತ್ತಿದ್ದ ಬಡ ಸಂಸಾರಗಳದ್ದು. ಬಿದ್ದ ಮರದ ಜೊತೆ ಅವರ ಅನ್ನವೂ ಬಿತ್ತು. ಸತ್ಯಾಗ್ರಹದ ಕಥೆ ಹೇಳುವಾಗ ಅವರ ಹೆಸರು ಯಾರೂ ಎತ್ತಲ್ಲ. ಅಹಿಂಸೆ ಅಂದ್ರೆ ಯಾರಿಗೂ ನಷ್ಟ ಆಗದ ಹೋರಾಟ ಅಂತ ಅಲ್ಲ. ಕಡಿದವರು ಮಾತ್ರ ತಮ್ಮ ಪಾಲಿನ ನಷ್ಟದಿಂದ ತಪ್ಪಿಸಿಕೊಳ್ಳಲಿಲ್ಲ.

ತುರುವನೂರಿನ ಸತ್ಯಾಗ್ರಹದಲ್ಲಿ ನಿಜಲಿಂಗಪ್ಪನವರು ಬಂಧನಕ್ಕೊಳಗಾಗಿ ಜೈಲಿಗೆ ಹೋದರು. ಚಿತ್ರದುರ್ಗ ಜಿಲ್ಲೆಯ ಇದೇ ಅರಣ್ಯ ಸತ್ಯಾಗ್ರಹದಲ್ಲಿ ಈಚಲು ಕಡಿದು ಜೈಲಿಗೆ ಹೋದವರಲ್ಲಿ ಬಳ್ಳಾರಿ ಸಿದ್ದಮ್ಮ ಕೂಡ ಒಬ್ಬರು. 1939ರಲ್ಲಿ ಒಬ್ಬ ಹೆಂಗಸು ಕೊಡಲಿ ಹಿಡಿದು ಸರ್ಕಾರದ ಮರದ ಬುಡಕ್ಕೆ ಹೋಗಿ ನಿಲ್ಲೋದು ಅಂದ್ರೆ ಏನು ಅಂತ ಸ್ವಲ್ಪ ಊಹಿಸಿ. ಅವರ ಬಗ್ಗೆ ಬೇರೆಯೇ ಲೇಖನ ಬರಬೇಕು. ನಮ್ಮಲ್ಲಿ ಯಾರಾದರೂ ಬರೆಯಲಿ.

ಈಗ ವಿಚಾರಣೆಯ ಮಾತು. ಕಳ್ಳತನದ ಕೇಸಿನಲ್ಲಿ ಕೋರ್ಟಿನ ಕೆಲಸ ಸತ್ಯ ಹುಡುಕೋದು, ಮಾಡಿದ್ದಾನಾ ಇಲ್ಲವಾ ಅಂತ. ಸತ್ಯಾಗ್ರಹಿಯ ಕೇಸಿನಲ್ಲಿ ಆ ಕೆಲಸವೇ ಇರಲ್ಲ. ಆರೋಪಿ ಮೊದಲೇ ಒಪ್ಪಿಕೊಂಡಿರುತ್ತಾರೆ. 1922ರಲ್ಲಿ ಅಹಮದಾಬಾದಿನಲ್ಲಿ ರಾಜದ್ರೋಹದ ಕೇಸು ನಡೆದಾಗ ಗಾಂಧಿ ತಪ್ಪೊಪ್ಪಿಕೊಂಡು, ಕಾನೂನಿನಲ್ಲಿರುವ ಅತಿ ಹೆಚ್ಚಿನ ಶಿಕ್ಷೆಯನ್ನೇ ಕೇಳಿದರು. ಆರು ವರ್ಷ ಬಿತ್ತು. ಆಗ ಇಕ್ಕಟ್ಟಿಗೆ ಸಿಕ್ಕಿಕೊಂಡವರು ನ್ಯಾಯಾಧೀಶರೇ. ಈ ಪದ್ಧತಿ ಇನ್ನೂ ಸತ್ತಿಲ್ಲ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಏಳು ಜನ ಕ್ಯಾಥೊಲಿಕರು, ಅದರಲ್ಲಿ ವಯಸ್ಸಾದವರೇ ಹೆಚ್ಚು, ಅಣ್ವಸ್ತ್ರದ ಜಲಾಂತರ್ಗಾಮಿಗಳಿರುವ ಕಿಂಗ್ಸ್ ಬೇ ನೌಕಾನೆಲೆಯ ಬೇಲಿ ದಾಟಿ ಒಳಗೆ ಹೋದರು. ಯಾರಿಗೂ ಏಟು ಮಾಡಲಿಲ್ಲ, ಪೊಲೀಸರು ಬರುವ ತನಕ ಅಲ್ಲೇ ಇದ್ದರು. 2019ರಲ್ಲಿ ವಿಚಾರಣೆ ನಡೆದು ಏಳೂ ಜನ ಅಪರಾಧಿಗಳು ಅಂತ ತೀರ್ಮಾನ ಆಯಿತು. ತುರುವನೂರಿಗೂ ಕಿಂಗ್ಸ್ ಬೇಗೂ ಎತ್ತಣಿಂದೆತ್ತ, ಆದರೆ ಆ ನಿಂತುಕೊಳ್ಳುವ ರೀತಿ ಒಂದೇ. ಕೆಲಸ ಮುಗಿಸಿ ಓಡಿಹೋದರೆ ಅದು ಅಪರಾಧ ಮಾತ್ರ ಆಗಿ ಉಳಿಯುತ್ತೆ. ನಿಂತರೆ ಕಾನೂನು ಬಾಯಿ ಬಿಟ್ಟು ಏನಾದರೂ ಹೇಳಲೇಬೇಕು.

ವಕೀಲರಿಗೆ ಇದರ ಬೆಲೆ ಇನ್ನೂ ಜಾಸ್ತಿ. ಶಿಕ್ಷೆ ಮುಗಿಸಿ ಬಂದ ರೈತನಿಗೆ ಹೊಲ ಇರುತ್ತೆ. ಶಿಕ್ಷೆ ಮುಗಿಸಿ ಬಂದ ವಕೀಲನಿಗೆ ಸನ್ನದು ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಾಲ್ಕು ವರ್ಷ ಒದ್ದಾಡಿ ತಗೊಂಡ ಡಿಗ್ರಿಯನ್ನು ಮೇಜಿನ ಮೇಲಿಟ್ಟು ಬೇಕಾದರೆ ಇದನ್ನೂ ತಗೊಳ್ಳಿ ಅನ್ನೋ ಹಾಗೆ. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರನ್ನೂ ಕೇಳಿ ನೋಡಿದೆವು, ಯಾವ ವಿಷಯಕ್ಕೆ ಹಾಗೆ ಇಡ್ತೀರಿ ಅಂತ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಜೈಲಿನಿಂದ ಬಂದ ಮೇಲಿನ ರಾಜಕೀಯ ಬೇಗ ಹೇಳಿಬಿಡಬಹುದು, ಪಠ್ಯಪುಸ್ತಕದಲ್ಲಿ ಇದ್ದೇ ಇದೆ. ಮೈಸೂರು ಕಾಂಗ್ರೆಸ್ ಅಧ್ಯಕ್ಷರು, ಆಮೇಲೆ ಕರ್ನಾಟಕ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರು, ಸಂವಿಧಾನ ಸಭೆಯ ಸದಸ್ಯರು, 1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳನ್ನು ಒಂದು ಮಾಡಲು ಓಡಾಡಿದರು. ಹಳೇ ಮೈಸೂರಿನ ದೊಡ್ಡ ದೊಡ್ಡವರಿಗೇ ಅದು ಬೇಡವಾಗಿತ್ತು, ದುಡ್ಡಿರುವ ಮನೆಗೆ ಬಡ ನೆಂಟರು ಬಂದು ಸೇರಿಕೊಳ್ತಾರೆ ಅನ್ನೋ ಭಯ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಿದ ಹುಡುಗ ಅದರ ಮೊದಲ ಮುಖ್ಯಮಂತ್ರಿ.

1957ರ ಚುನಾವಣೆಯಲ್ಲಿ ಅವರು ವಿಧಾನಸಭೆಗೆ ಆರಿಸಿ ಬಂದದ್ದು ಮೊಳಕಾಲ್ಮೂರಿನಿಂದ. ರಾಜ್ಯದ ಮುಖ್ಯಮಂತ್ರಿಯ ಕ್ಷೇತ್ರ ಅಂದ್ರೆ ಇವತ್ತು ರಿಂಗ್ ರೋಡು, ಫ್ಲೈಓವರ್ ಕಲ್ಪಿಸಿಕೊಳ್ತೀವಿ. ಮೊಳಕಾಲ್ಮೂರು ಆಂಧ್ರದ ಗಡಿಗೆ ಅಂಟಿಕೊಂಡ, ಮಳೆ ಕೈಕೊಡುವ ತಾಲ್ಲೂಕು. ಬಂಡೆ, ಶೇಂಗಾ ಹೊಲ, ಮಗ್ಗದ ಸದ್ದು. ಅಲ್ಲಿಯ ರೇಷ್ಮೆ ಸೀರೆಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಮ್ಯಾಸನಾಯಕರ ಹಟ್ಟಿಗಳಲ್ಲಿ ಇವತ್ತಿಗೂ ದೇವರ ಎತ್ತುಗಳನ್ನು ಉಳುಮೆಗೆ ಹಚ್ಚದೆ ಪೂಜೆಗೆ ಇಟ್ಟಿರುತ್ತಾರೆ. ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ್ದು. ಕಳಿಂಗ ಯುದ್ಧದ ನಂತರ ಕತ್ತಿ ಕೆಳಗಿಟ್ಟ ರಾಜ, ಪ್ರಾಣಿಗಳ ಮೇಲೆ ದಯೆ ಇಡಿ, ನಿಜ ಮಾತಾಡಿ ಅಂತ ಕೆತ್ತಿಸಿದ ಜಾಗ. ಸಾಮ್ರಾಜ್ಯದ ದಕ್ಷಿಣದ ತುದಿಯಲ್ಲಿ, ಕುರಿ ಮೇಯುವ ಬೆಟ್ಟದ ಬುಡದಲ್ಲಿ. ಸುತ್ತಾಡೋಕೆ ಹಂಪಿಗೆ ಹೋಗುವವರು ದಾರಿಯಲ್ಲಿ ಒಂದು ಗಂಟೆ ಇಲ್ಲಿ ಇಳಿದರೆ ಏನೂ ಗಂಟು ಹೋಗಲ್ಲ.

ಮುಖ್ಯಮಂತ್ರಿಯಾಗಿ ಅವರದು ಎರಡು ಕಂತು, 1956ರಿಂದ 58, ಆಮೇಲೆ 1962ರಿಂದ 68. ಮಧ್ಯೆ ಒಂದು ಸೋಲೂ ಇದೆ. 1962ರಲ್ಲಿ ರಾಜ್ಯದಲ್ಲಿ ಪಕ್ಷ ಗೆದ್ದಿತು, ಹೊಸದುರ್ಗದಲ್ಲಿ ನಿಂತಿದ್ದ ಇವರು ಸೋತರು. ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. ಬಾಗಲಕೋಟೆಯ ಮೆಡಿಕಲ್ ಕಾಲೇಜಿಗೆ ಚಿತ್ರದುರ್ಗದವರ ಹೆಸರು ಹೇಗೆ ಬಂತು ಅಂತ ಯೋಚಿಸಿದ್ದವರಿಗೆ ಇಲ್ಲೊಂದು ಸುಳಿವು.

ನಮ್ಮ ಎಲೆಕ್ಟ್ರಿಕಲ್‌ನವರು ಗೌರವದಿಂದ ಹೇಳುವ ಶರಾವತಿ ಯೋಜನೆ ಕರೆಂಟು ಕೊಡಲು ಶುರು ಮಾಡಿದ್ದು ಅವರ ಎರಡನೇ ಅವಧಿಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದೇ ವರ್ಷ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ರಾಜ್ಯದ ಕಾರ್ಖಾನೆಗಳು ಓಡಿದ್ದು ಶರಾವತಿಯ ಕರೆಂಟಿನಿಂದ. ಆದರೆ ಅದೇ ನೀರಿನ ಅಡಿಯಲ್ಲಿ ಊರುಗಳು ಮುಳುಗಿದವು, ಕಾಡು ಮುಳುಗಿತು. ಹಿನ್ನೀರಿನ ಜನ ಅಡಿಕೆ ತೋಟ ಬಿಟ್ಟು ಗಂಟುಮೂಟೆ ಕಟ್ಟಿದರು, ಅವರ ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಈಚಲ ಮರ ಕಡಿದಿದ್ದಕ್ಕೆ ಜೈಲಿಗೆ ಹೋದ ಮನುಷ್ಯ ಮುಖ್ಯಮಂತ್ರಿಯಾಗಿದ್ದಾಗ ಮುಳುಗಿದ ಕಾಡಿಗೆ ಯಾರನ್ನೂ ಯಾವ ಕಟಕಟೆಯಲ್ಲೂ ನಿಲ್ಲಿಸಲಿಲ್ಲ. ಇದನ್ನು ಅವರ ಮೇಲಿನ ಆರೋಪ ಅಂತ ಬರೆಯುತ್ತಿಲ್ಲ. ಆ ಯೋಜನೆ ಶುರುವಾಗಿದ್ದು ಅವರೊಬ್ಬರ ತೀರ್ಮಾನದಿಂದ ಅಲ್ಲ, ಕರೆಂಟು ಬೇಕೇ ಇತ್ತು. ಆದರೆ ಒಬ್ಬರ ಜೀವನ ಬರೆಯುವಾಗ ಹೂವಿನ ಹಾರ ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬಿಡೋದು ಸರಿ ಕಾಣಲ್ಲ.

ಇನ್ನೊಂದು ಕೆಲಸ ಕಡಿಮೆ ಜನಕ್ಕೆ ಗೊತ್ತು. ಚೀನಾದ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಟಿಬೆಟನ್ನರಿಗೆ ನೆಲೆ ಕೊಟ್ಟ ರಾಜ್ಯಗಳಲ್ಲಿ ನಮ್ಮದು ಮುಂದೆ. ಉತ್ತರ ಕನ್ನಡದ ಮುಂಡಗೋಡಿನ ವಸತಿ ಶುರುವಾಗಿದ್ದು 1966ರಲ್ಲಿ, ಇವರು ಮುಖ್ಯಮಂತ್ರಿ ಆಗಿದ್ದಾಗ. ದಲೈ ಲಾಮಾ ನಿಜಲಿಂಗಪ್ಪನವರನ್ನು ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ನೆಲ ಕಳೆದುಕೊಂಡವರಿಗೆ ನೆಲ ಕೊಟ್ಟವರು ಅಂತ.

ನೆಲದ ಮಾತು ಬಂದಿದ್ದರಿಂದ ಚಳ್ಳಕೆರೆಗೆ ಬರೋಣ. ಈಗಿನ ವಿಧಾನಸಭಾ ನಕ್ಷೆಯಲ್ಲಿ ತುರುವನೂರು ಹೋಬಳಿ ಚಳ್ಳಕೆರೆ ಕ್ಷೇತ್ರಕ್ಕೆ ಸೇರಿದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿ ಮೊಳಕಾಲ್ಮೂರು ಕ್ಷೇತ್ರಕ್ಕೆ. ಅಂದ್ರೆ ನಿಜಲಿಂಗಪ್ಪನವರು ಕಾನೂನು ಮುರಿದ ಊರೂ, ಅವರನ್ನು ಆರಿಸಿ ಕಳಿಸಿದ ಊರೂ ಅಕ್ಕಪಕ್ಕ. ಇವೆರಡರ ನಡುವೆ ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ಕಾವಲುಗಳಿವೆ. ಸೈನ್ಯದ ಬಂಡಿ, ತೋಪು ಎಳೆಯುವ ಎತ್ತುಗಳನ್ನು ಬೆಳೆಸೋಕೆ ಬಿಟ್ಟಿದ್ದ ಹುಲ್ಲುಗಾವಲು. ಸೈನ್ಯಕ್ಕೆ ಎತ್ತು ಬೇಡವಾದ ಮೇಲೆ ಸುತ್ತಲಿನ ಹಳ್ಳಿಗಳ ದನ, ಕುರಿ ಅಲ್ಲಿ ಮೇಯ್ದವು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬಂದದ್ದು ಆ ಕುರಿಗಳಿಂದ. ಕೃಷ್ಣಮೃಗಕ್ಕೂ ಅದೇ ಮನೆ.

ಆ ಕಾವಲುಗಳಿಗೆ ಸೈನ್ಯದ ನಂಟು ಎತ್ತಿನ ಜೊತೆಗೇ ಮುಗಿಯಲಿಲ್ಲ. 2010ರ ಆಸುಪಾಸಿನಲ್ಲಿ ವರವು ಕಾವಲು, ಖುದಾಪುರ, ಉಳ್ಳಾರ್ತಿ ಕಾವಲು ಸೇರಿ ಸಾವಿರಾರು ಎಕರೆ ಸಂಸ್ಥೆಗಳಿಗೆ ಹೋಯಿತು. ಡಿಆರ್‌ಡಿಒಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಮೇಯುವ ಜಾಗಕ್ಕೆ ಕಾಂಪೌಂಡ್ ಗೋಡೆ ಎದ್ದಿತು. ಹಳ್ಳಿಯವರು ಕುರಿ, ದನ ಸಮೇತ ಬೀದಿಗಿಳಿದರು, ಅರ್ಜಿ ಕೊಟ್ಟರು, ಧರಣಿ ಕೂತರು. ವಿಷಯ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2014ರ ತೀರ್ಪಿನ ನಂತರವೂ ಯೋಜನೆಗಳು ಮುಂದುವರಿದವು. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆ ಆಯಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನಾಗಿಯೇ ಬಂದು ಆ ರನ್‌ವೇ ಮೇಲೆ ಇಳಿದಾಗ ನಮ್ಮಲ್ಲಿ ಎಷ್ಟು ಜನ ಆ ವಿಡಿಯೋ ಸ್ಟೇಟಸ್ ಹಾಕಿಕೊಂಡೆವು ಅಂತ ಲೆಕ್ಕವಿಲ್ಲ. ಈಗಲೂ ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತೆ, ಸುಳ್ಳು ಯಾಕೆ ಹೇಳಬೇಕು.

ಅಲ್ಲಿ ಇಂಟರ್ನ್‌ಶಿಪ್ ಸಿಗಲಿ ಅಂತ ಹರಕೆ ಹೊರುವವರು ನಾವೇ. ಆ ಗೋಡೆಯ ಹೊರಗೆ ಕುರಿ ಹೊಡೆದುಕೊಂಡು ಹೋಗುವವರೂ ನಮ್ಮಲ್ಲಿ ಕೆಲವರ ಅಪ್ಪ, ದೊಡ್ಡಪ್ಪ, ಮಾವನಂಥವರೇ. ಈ ಲೇಖನ ಬರೆಯುವಾಗ ನಮ್ಮಲ್ಲೇ ಜಗಳ ಆಯಿತು. ಒಂದು ಗುಂಪಿನ ವಾದ: ತುರುವನೂರಿನಲ್ಲಿ ಎದುರಿಗಿದ್ದದ್ದು ಜನ ಆರಿಸದ ಸರ್ಕಾರ, ಈಗ ಇರೋದು ನಾವೇ ವೋಟು ಹಾಕಿ ಕೂರಿಸಿದ್ದು, ಕೋರ್ಟು ಇದೆ, ನ್ಯಾಯಮಂಡಳಿ ಇದೆ, ಹಾಗಾಗಿ ಕಾನೂನು ಮುರಿಯುವ ಹಕ್ಕು ಯಾರಿಗೂ ಇಲ್ಲ. ಇನ್ನೊಂದು ಗುಂಪು ಕೇಳಿದ್ದು: ಅರ್ಜಿ ಕೊಟ್ಟಾಯ್ತು, ಕೇಸು ನಡೆದಾಯ್ತು, ಮೇವು ಮಾತ್ರ ಗೋಡೆಯ ಒಳಗೇ ಉಳಿಯಿತು, ಆಮೇಲೆ ಏನು ಮಾಡಬೇಕು? ಒಬ್ಬ ಗೆಳೆಯನ ಪ್ರಶ್ನೆ ಇನ್ನೂ ನೇರ: ನಿಜಲಿಂಗಪ್ಪನವರು ಈಗ ಇದ್ದಿದ್ದರೆ ಗೋಡೆಯ ಯಾವ ಕಡೆ ಇರುತ್ತಿದ್ದರು, 1939ರ ನಿಜಲಿಂಗಪ್ಪನವರಾ, 1964ರ ನಿಜಲಿಂಗಪ್ಪನವರಾ? ಕ್ಯಾಂಟೀನ್ ಮುಚ್ಚುವ ತನಕ ಮಾತಾಡಿದರೂ ಅದು ಬಗೆಹರಿಯಲಿಲ್ಲ.

ಅವರ ಕೊನೆಯ ದೊಡ್ಡ ಜಗಳ ಇಡೀ ದೇಶ ನೋಡಿದ್ದು. 1968ರಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರುವರ್ಷ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಧಿವೇಶನದಲ್ಲೇ ಬಿರುಕು ಕಾಣಿಸಿತು. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಸೋತು ವಿ. ವಿ. ಗಿರಿ ಗೆದ್ದರು. 1969ರ ನವೆಂಬರ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಲಾಯಿತು. ನಿಯಮದ ಪುಸ್ತಕ ಹಿಡಿದು ನೋಡಿದರೆ ಅಧ್ಯಕ್ಷರ ಕಡೆ ನ್ಯಾಯ ಇತ್ತೋ ಏನೋ, ಆದರೆ ಜನ ಇಂದಿರಾ ಕಡೆ ಹೋದರು. 1971ರ ಚುನಾವಣೆ ಹಳೆಯ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ಮೂವತ್ತು ವರ್ಷ ಹಿಂದೆ ನಿಯಮ ಮುರಿದು ಜನರನ್ನು ಗೆದ್ದವರು, ಈಗ ನಿಯಮ ಹಿಡಿದು ಜನರನ್ನು ಕಳೆದುಕೊಂಡರು.

ಆಮೇಲೆ ನಿಧಾನವಾಗಿ ರಾಜಕೀಯದಿಂದ ಸರಿದು ಚಿತ್ರದುರ್ಗದಲ್ಲೇ ಉಳಿದರು. ವಕೀಲಿಕೆ ಶುರು ಮಾಡಿದ ಅದೇ ಊರು. ಅದೊಂದು ದೀರ್ಘ ಸಂಜೆ, ಹತ್ತಿರ ಹತ್ತಿರ ಮೂವತ್ತು ವರ್ಷ. ದಿನಚರಿ ಬರೆಯುವ ಅಭ್ಯಾಸ ಇತ್ತು, ಆತ್ಮಕಥೆಯನ್ನೂ ಬರೆದರು. 2000ದ ಆಗಸ್ಟ್ 8ರಂದು, ಎರಡು ಮೂರು ವರ್ಷ ದಾಟಿದ್ದರೆ ನೂರು ತುಂಬುತ್ತಿದ್ದ ವಯಸ್ಸಿನಲ್ಲಿ, ತೀರಿಕೊಂಡರು. ನಾವು ಯಾರೂ ಆಗ ಹುಟ್ಟಿರಲಿಲ್ಲ.

ಚಿತ್ರದುರ್ಗದ ಹೊರಗೆ ಸೀಬಾರದ ಹತ್ತಿರ, ಬೆಂಗಳೂರು–ಪುಣೆ ಹೆದ್ದಾರಿಯ ಪಕ್ಕದಲ್ಲಿ ಅವರ ಸ್ಮಾರಕ ಇದೆ. ದಾವಣಗೆರೆ, ಹುಬ್ಬಳ್ಳಿ ಕಡೆಯವರು ರಜಕ್ಕೆ ಊರಿಗೆ ಹೋಗುವಾಗ ಬಸ್ಸು ಅದರ ಮುಂದೆಯೇ ಹಾದುಹೋಗುತ್ತೆ. ತುರುವನೂರಿಗೆ ಹೋಗಬೇಕಾದರೆ ಮಾತ್ರ ದುರ್ಗದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು.